ಲೋಹದ ಮೈಮೇಲಿನ ಖಾಲಿ ಜಾಗ

(ಬೇಲೂರಿನಲ್ಲಿ ನಡೆದ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ನೆಲ, ನೀರು, ಬೆಳೆಗಳ ಬಗ್ಗೆ ಮಾತನಾಡುವುದು ನನ್ನ ವೃತ್ತಿ. ಇಂದು ಮಾತ್ರ ವಾಹನಗಳ ಹೊಗೆಕೊಳವೆಯ ಬಗ್ಗೆ ಮಾತನಾಡಲು ನಿಂತಿದ್ದೇನೆ. ಅದಕ್ಕೆ ಕಾರಣವಾದ ಘಟನೆಯನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಪೆಟ್ರೋಲ್ ಕಾರು ಏರುದಾರಿಯಲ್ಲಿ ಎಳೆಯದಾಯಿತು. ರಿಪೇರಿಗೆ ಒಯ್ದಾಗ ಮೆಕ್ಯಾನಿಕ್ ಕಾರಿನ ಅಡಿಗೆ ಹೋಗಿ ಬಂದು, "ಸಾರ್, ಸೈಲೆನ್ಸರಿಗೆ ಮೊದಲು ಒಂದು ಡಬ್ಬಿ ಇದೆ. ಅದರೊಳಗಿನ ಜೇನುಗೂಡು ಕಟ್ಟಿಕೊಂಡಿದೆ. ಒಡೆದು ತೆಗೆದುಬಿಡೋಣ. ಗಾಡಿ ಹಗುರವಾಗಿ ಏರುತ್ತೆ. ಒಳಗಿನ ಮಾಲಿಗೆ ಗುಜರಿಯವರು ಒಳ್ಳೆಯ ದುಡ್ಡು ಕೊಡುತ್ತಾರೆ, ಅದೂ ನಿಮಗೇ ಸೇರುತ್ತೆ" ಎಂದರು. ಡಾಕ್ಟರೇಟ್ ಪಡೆದ ನಾನು ಕ್ಷಣಕಾಲ ಒಪ್ಪಿಗೆಯ ಅಂಚಿಗೆ ಬಂದಿದ್ದೆ ಎಂಬುದನ್ನು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇನೆ. ಆ ಡಬ್ಬಿ ಏನು ಕೆಲಸ ಮಾಡುತ್ತದೆ ಎಂಬುದು ನನಗೆ ಪುಸ್ತಕದಿಂದ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಮನಸ್ಸಿಗೆ ನಾಟಿರುವುದು ಬೇರೆ. ಅಂದು ಮನೆಗೆ ಹಿಂದಿರುಗಿ ಹಳೆಯ ಪಠ್ಯಪುಸ್ತಕಗಳನ್ನು ಮತ್ತೆ ತೆರೆದೆ. ಆ ಓದಿನ ಸಾರವೇ ಇಂದಿನ ಮಾತು.

ಪೆಟ್ರೋಲ್, ಡೀಸೆಲ್, ಅಡುಗೆ ಅನಿಲ, ಸೀಮೆಎಣ್ಣೆ ಇವೆಲ್ಲ ಮುಖ್ಯವಾಗಿ ಹೈಡ್ರೋಕಾರ್ಬನ್‌ಗಳು, ಅಂದರೆ ಇಂಗಾಲ ಮತ್ತು ಜಲಜನಕದ ಪರಮಾಣುಗಳು ಮಾತ್ರ ಸೇರಿ ಆದ ಅಣುಗಳು. ಇವು ನೆಲದಾಳದಿಂದಲೇ ಬರಬೇಕೆಂದಿಲ್ಲ. ಗೋಬರ್ ಅನಿಲದಲ್ಲಿರುವ ಮೀಥೇನ್ ಒಂದು ಹೈಡ್ರೋಕಾರ್ಬನ್. ಬಾಳೆಗೊನೆ ಹಣ್ಣಾಗುವಾಗ ತಾನೇ ಹೊರಬಿಡುವ ಎಥಿಲೀನ್ ಇನ್ನೊಂದು. ಒಂದು ಹಣ್ಣಾದ ಬಾಳೆಯನ್ನು ಕಾಯಿಗಳ ನಡುವೆ ಇಟ್ಟರೆ ಉಳಿದವೂ ಬೇಗ ಹಣ್ಣಾಗುವುದು ಈ ಅನಿಲದಿಂದಲೇ. ಎರಡು ಇಂಗಾಲ, ನಾಲ್ಕು ಜಲಜನಕ, ಅಷ್ಟೇ ಇದರ ರಚನೆ. ಈ ಪುಟ್ಟ ಅಣುವನ್ನು ಮುಂದೆ ಉದಾಹರಣೆಯಾಗಿ ಬಳಸಿಕೊಳ್ಳುತ್ತೇನೆ.

ಎಂಜಿನಿನೊಳಗೆ ಪೆಟ್ರೋಲ್ ಪೂರ್ತಿಯಾಗಿ ಉರಿದರೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನ ಆವಿ ಮಾತ್ರ ಉಳಿಯಬೇಕು. ಆದರೆ ಕ್ಷಣಾರ್ಧದಲ್ಲಿ ಮುಗಿಯುವ ಆ ದಹನ ಎಂದೂ ಪೂರ್ತಿಯಾಗುವುದಿಲ್ಲ. ಅರೆಬೆಂದ ಇಂಗಾಲದ ಮೊನಾಕ್ಸೈಡ್, ಬೇಯದೆ ಉಳಿದ ಹೈಡ್ರೋಕಾರ್ಬನ್‌ಗಳು, ಎಂಜಿನಿನ ಉರಿಗೆ ಗಾಳಿಯ ಸಾರಜನಕವೇ ಬೆಂದು ಹುಟ್ಟಿದ ಆಕ್ಸೈಡ್‌ಗಳು, ಈ ಮೂರೂ ಹೊರಬರುತ್ತವೆ. ಹೈಡ್ರೋಕಾರ್ಬನ್‌ಗಳಲ್ಲಿ ಬೆಂಜೀನ್ ಇದೆ, ಅದು ಕ್ಯಾನ್ಸರ್‌ಕಾರಕ. ಉಳಿದವು ಬಿಸಿಲಿನಲ್ಲಿ ಸಾರಜನಕದ ಆಕ್ಸೈಡ್‌ಗಳೊಂದಿಗೆ ಸೇರಿ ನೆಲಮಟ್ಟದ ಓಝೋನನ್ನು ಹುಟ್ಟಿಸುತ್ತವೆ. ಆಕಾಶದ ಎತ್ತರದಲ್ಲಿ ನಮ್ಮನ್ನು ಕಾಯುವ ಓಝೋನ್ ನೆಲದ ಮೇಲೆ ಎಲೆಯ ಪತ್ರರಂಧ್ರಗಳ ಮೂಲಕ ಒಳಹೊಕ್ಕು ಜೀವಕೋಶಗಳನ್ನು ಸುಡುತ್ತದೆ. ಹುರುಳಿಕಾಯಿ, ಸೋಯಾ, ಆಲೂಗಡ್ಡೆ ಮುಂತಾದವು ಇದಕ್ಕೆ ಬೇಗ ತುತ್ತಾಗುವ ಬೆಳೆಗಳು. ಆಲೂಗಡ್ಡೆಯನ್ನು ನಂಬಿದ ಹಾಸನ ಜಿಲ್ಲೆಯ ರೈತನಿಗೆ ಹೊಗೆಕೊಳವೆಯ ವಿಷಯ ಪೇಟೆಯವರದು ಮಾತ್ರ ಎನಿಸಬಾರದು.

ಈಗ ಆ ಡಬ್ಬಿಯ ಒಳಗೆ ಹೋಗೋಣ. ಅದರ ಹೆಸರು ವೇಗವರ್ಧಕ ಪರಿವರ್ತಕ. ಅದರೊಳಗೆ ಪ್ಲಾಟಿನಂ, ಪಲ್ಲೇಡಿಯಂ ಮತ್ತು ರೋಡಿಯಂ ಎಂಬ ಲೋಹಗಳ ಅತಿ ಸೂಕ್ಷ್ಮ ಕಣಗಳಿವೆ. ಕೆಲಸವೆಲ್ಲ ನಡೆಯುವುದು ಆ ಲೋಹದ ಮೈಮೇಲೆ.

ಲೋಹದ ಮೈಗೆ ಏಕೆ ಈ ಶಕ್ತಿ? ಲೋಹದ ಒಡಲಿನಲ್ಲಿರುವ ಪರಮಾಣುವಿಗೆ ಎಲ್ಲ ದಿಕ್ಕಿನಲ್ಲೂ ನೆರೆಯವರಿದ್ದಾರೆ. ಪ್ಲಾಟಿನಂನಲ್ಲಿ ಒಂದೊಂದು ಪರಮಾಣುವಿಗೂ ಹನ್ನೆರಡು ನೆರೆಯವರು. ಮೇಲ್ಮೈಯಲ್ಲಿರುವ ಪರಮಾಣುವಿಗೆ ಮೇಲುಗಡೆ ಯಾರೂ ಇಲ್ಲ. ತೆಂಗಿನ ತೋಟದ ನಡುವಿನ ಮರಕ್ಕೂ ಬೇಲಿಯಂಚಿನ ಮರಕ್ಕೂ ಇರುವ ವ್ಯತ್ಯಾಸವನ್ನು ನೆನೆಯಿರಿ. ಅಂಚಿನ ಮರದ ಒಂದು ಮಗ್ಗುಲು ತೆರೆದಿರುತ್ತದೆ, ಗರಿ ಆ ಕಡೆಗೆ ಚಾಚುತ್ತದೆ. ಹಾಗೆಯೇ ಮೇಲ್ಮೈಯ ಪರಮಾಣುವಿನ ಬಂಧಶಕ್ತಿಯ ಒಂದು ಪಾಲು ಬಳಕೆಯಾಗದೆ ಉಳಿದಿರುತ್ತದೆ. ಹಾದುಹೋಗುವ ಅಣುವನ್ನು ಅದು ಹಿಡಿಯುತ್ತದೆ. ಈ ಹಿಡಿಯುವಿಕೆಗೆ ಅಧಿಶೋಷಣೆ ಎಂದು ಹೆಸರು. ಅರಳೆ ನೀರನ್ನು ಹೀರಿದಂತೆ ಒಡಲೊಳಗೆ ಎಳೆದುಕೊಳ್ಳುವುದು ಶೋಷಣೆ. ಕೆಸುವಿನ ಎಲೆಯ ಮೇಲೆ ಇಬ್ಬನಿ ಕೂತಂತೆ ಮೈಮೇಲಷ್ಟೇ ಕೂರಿಸಿಕೊಳ್ಳುವುದು ಅಧಿಶೋಷಣೆ.

ಅಧಿಶೋಷಣೆಯಲ್ಲಿ ಎರಡು ಬಗೆ. ಮೊದಲನೆಯದು ಸಡಿಲವಾದದ್ದು, ಅಣು ಬಂದು ಕೂರುತ್ತದೆ, ಸ್ವಲ್ಪ ಬಿಸಿಯಾದರೆ ಬಂದಂತೆಯೇ ಎದ್ದುಹೋಗುತ್ತದೆ. ಎರಡನೆಯದರಲ್ಲಿ ಅಣು ಲೋಹದೊಂದಿಗೆ ನಿಜವಾದ ರಾಸಾಯನಿಕ ಬಂಧ ಕಟ್ಟಿಕೊಳ್ಳುತ್ತದೆ. ಹೊರಗೆ ಹೊಸ ನಂಟು ಬೆಳೆದಾಗ ಒಳಗಿನ ಹಳೆಯ ನಂಟು ಸಡಿಲಗೊಳ್ಳುತ್ತದೆ. ಅಣು ಮುರಿಯುವುದು ಇಲ್ಲಿಂದ ಆರಂಭ.

ನಮ್ಮ ಬಾಳೆಹಣ್ಣಿನ ಎಥಿಲೀನ್ ಶುದ್ಧ ಪ್ಲಾಟಿನಂ ಮೇಲೆ ಏನಾಗುತ್ತದೆ ಎಂಬುದನ್ನು ವಿಜ್ಞಾನಿಗಳು ಹೆಜ್ಜೆಹೆಜ್ಜೆಯಾಗಿ ಕಂಡುಕೊಂಡಿದ್ದಾರೆ. ಬಹಳ ತಣ್ಣಗಿರುವಾಗ ಅಣು ಲೋಹದ ಮೇಲೆ ಮಲಗಿದಂತೆ ಕೂತಿರುತ್ತದೆ, ಅದರ ಎರಡೂ ಇಂಗಾಲಗಳು ಲೋಹಕ್ಕೆ ಅಂಟಿಕೊಂಡಿರುತ್ತವೆ. ಕೋಣೆಯ ಉಷ್ಣತೆಗೆ ಬರುವಷ್ಟರಲ್ಲಿ ಅದು ಒಂದು ಜಲಜನಕವನ್ನು ಕಳೆದುಕೊಂಡು ಎದ್ದು ನಿಲ್ಲುತ್ತದೆ. ಒಂದು ಇಂಗಾಲ ಮೂರು ಪ್ಲಾಟಿನಂ ಪರಮಾಣುಗಳ ನಡುವಿನ ತಗ್ಗಿನಲ್ಲಿ ಕಾಲೂರುತ್ತದೆ, ಇನ್ನೊಂದು ಉಳಿದ ಮೂರು ಜಲಜನಕಗಳನ್ನು ಹೊತ್ತು ಮೇಲೆ ನಿಲ್ಲುತ್ತದೆ. ಇನ್ನೂ ಬಿಸಿ ಏರಿಸಿದರೆ ಜಲಜನಕಗಳು ಒಂದೊಂದಾಗಿ ಕಳಚಿ, ಕೊನೆಗೆ ಲೋಹದ ಮೇಲೆ ಇಂಗಾಲದ ಕರಿ ಪೊರೆ ಮಾತ್ರ ಉಳಿಯುತ್ತದೆ. ಹತ್ತಿರದಲ್ಲಿ ಆಮ್ಲಜನಕವಿದ್ದರೆ ಕಥೆ ಬೇರೆ. ಆಮ್ಲಜನಕದ ಅಣುವೂ ಲೋಹದ ಮೇಲೆ ಕೂತು ಎರಡಾಗಿ ಒಡೆಯುತ್ತದೆ. ಆ ಬಿಡಿ ಪರಮಾಣುಗಳು ಪಕ್ಕದ ಇಂಗಾಲವನ್ನೂ ಜಲಜನಕವನ್ನೂ ಸೆಳೆದುಕೊಂಡು ಡೈಆಕ್ಸೈಡ್ ಮತ್ತು ನೀರಾಗಿ ಹಾರಿಹೋಗುತ್ತವೆ. ಲೋಹ ಮೊದಲಿನಂತೆಯೇ ಉಳಿಯುತ್ತದೆ, ಜಾಗ ಖಾಲಿಯಾಗುತ್ತದೆ, ಮುಂದಿನ ಅಣುವಿಗೆ ಎಡೆಯಾಗುತ್ತದೆ. ಎಲ್ಲ ಅಣುಗಳೂ ಇಷ್ಟು ಸುಲಭವಾಗಿ ಮಣಿಯುವುದಿಲ್ಲ. ಗೋಬರ್ ಅನಿಲದ ಮೀಥೇನ್ ಎಲ್ಲಕ್ಕಿಂತ ಹಟಮಾರಿ. ಅದನ್ನು ಮುರಿಯಲು ಹೆಚ್ಚಿನ ಬಿಸಿ ಬೇಕು.

ಈ ವಿದ್ಯಮಾನ ಮೊದಲು ಕಣ್ಣಿಗೆ ಬಿದ್ದದ್ದು ಗಣಿ ಕಾರ್ಮಿಕರ ದೀಪದ ಕೆಲಸದಲ್ಲಿ. ಇಂಗ್ಲೆಂಡಿನ ಹಂಫ್ರಿ ಡೇವಿ 1817ರಲ್ಲಿ, ಉರಿಯುವ ಅನಿಲ ಮತ್ತು ಗಾಳಿಯ ಮಿಶ್ರಣದಲ್ಲಿ ಬಿಸಿ ಪ್ಲಾಟಿನಂ ತಂತಿಯನ್ನು ಹಿಡಿದಾಗ, ಜ್ವಾಲೆಯಿಲ್ಲದೆಯೇ ತಂತಿ ಕೆಂಪಗೆ ಹೊಳೆಯುವುದನ್ನು ಕಂಡನು. ಫ್ರಾನ್ಸಿನ ಸಬಾಟಿಯೆ 1897ರಲ್ಲಿ ಎಥಿಲೀನನ್ನು ನಿಕ್ಕಲ್ ಮೇಲೆ ಜಲಜನಕದೊಂದಿಗೆ ಕೂಡಿಸಿದನು. ನಮ್ಮ ಅಡುಗೆಮನೆಯ ವನಸ್ಪತಿಯ ಮೂಲ ಅಲ್ಲಿದೆ. ಅವನಿಗೆ 1912ರಲ್ಲಿ, ಅಧಿಶೋಷಣೆಯ ಲೆಕ್ಕವನ್ನು ಕೊಟ್ಟ ಲ್ಯಾಂಗ್‌ಮ್ಯೂರ್‌ಗೆ 1932ರಲ್ಲಿ, ಘನವಸ್ತುಗಳ ಮೇಲ್ಮೈಯಲ್ಲಿ ನಡೆಯುವ ಕ್ರಿಯೆಗಳನ್ನು ಬಿಡಿಸಿ ತೋರಿಸಿದ ಗೆರ್ಹಾರ್ಡ್ ಎರ್ಟ್ಲ್ ಅವರಿಗೆ 2007ರಲ್ಲಿ ನೊಬೆಲ್ ಪುರಸ್ಕಾರ ಬಂದಿತು. ನಮ್ಮವರೇ ಆದ ಸಿ.ಎನ್.ಆರ್. ರಾವ್ ಅವರೂ ಬೆಂಗಳೂರಿನಲ್ಲಿ ಲೋಹಗಳ ಮೇಲ್ಮೈಯಲ್ಲಿ ಅಣುಗಳು ಕೂರುವ ಬಗೆಯನ್ನು ಅಭ್ಯಸಿಸಿದವರು.

ಮೇಲ್ಮೈಯೇ ಮುಖ್ಯವೆಂದ ಮೇಲೆ, ಕಡಿಮೆ ಲೋಹದಲ್ಲಿ ಹೆಚ್ಚು ಮೇಲ್ಮೈ ಪಡೆಯುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಿಲ್ಲ. ಇಲ್ಲಿಯ ಚೆನ್ನಕೇಶವ ದೇವಾಲಯ, ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯ ಈಶ್ವರ ದೇವಾಲಯ ಈ ಮೂರನ್ನೂ ನೀವು ನೋಡಿದ್ದೀರಿ. ಹೊಯ್ಸಳ ಶಿಲ್ಪಿ ಗೋಡೆಯನ್ನು ನೇರವಾಗಿ ಎಳೆಯಲಿಲ್ಲ. ನಕ್ಷತ್ರದ ಕೋನಗಳಂತೆ ಅದನ್ನು ಮುಂದಕ್ಕೆ ತಂದು, ಹಿಂದಕ್ಕೆ ಒಯ್ದು, ಮತ್ತೆ ಮುಂದಕ್ಕೆ ತಂದನು. ಅರಸೀಕೆರೆಯಲ್ಲಂತೂ ಮುಂದಿನ ಮಂಟಪವೇ ನಕ್ಷತ್ರಾಕಾರದಲ್ಲಿದೆ. ಅಷ್ಟೇ ನೆಲದಲ್ಲಿ ಗೋಡೆಯ ಉದ್ದ ಹೆಚ್ಚಿತು, ಶಿಲ್ಪ ಕೂರಲು ಜಾಗ ಹೆಚ್ಚಿತು, ಮೂಲೆಗಳೂ ಹೆಚ್ಚಿದವು.

ಪರಿವರ್ತಕದ ಒಳಗಿರುವುದೂ ಇದೇ ಉಪಾಯ. ಪಿಂಗಾಣಿಯಂಥ ವಸ್ತುವಿನ ಜೇನುಗೂಡು. ಒಂದು ಚದರ ಅಂಗುಲದಲ್ಲಿ ಸಾಮಾನ್ಯವಾಗಿ ನಾನೂರರಷ್ಟು ಸಣ್ಣ ಕೊಳವೆಗಳು. ಕೊಳವೆಗಳ ಒಳಮೈಗೆ ಅಲ್ಯುಮಿನಾದ ಒರಟು ಲೇಪ. ಆ ಲೇಪದ ಸಂದುಗಳಲ್ಲಿ ಲೋಹದ ಕಣಗಳು. ಒಂದು ಲೆಕ್ಕ ಮಾಡಿ ನೋಡೋಣ. ಒಂದು ಗ್ರಾಂ ಪ್ಲಾಟಿನಂ ಒಂದೇ ಗಟ್ಟಿಯಾಗಿದ್ದರೆ ಅದು ತೊಗರಿಕಾಳಿಗಿಂತ ಚಿಕ್ಕದು, ಅದರ ಮೇಲ್ಮೈ ಒಂದು ಚದರ ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಅದನ್ನೇ 5 ನ್ಯಾನೊಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಮೇಲ್ಮೈ ಸುಮಾರು 56 ಚದರ ಮೀಟರ್, ಅಂದರೆ 600 ಚದರ ಅಡಿ. ಒಂದು ಸಣ್ಣ ಕಾಫಿ ಕಣದಷ್ಟು. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ. ಒಂದು ಕಾರಿಗೆ ಕೆಲವೇ ಗ್ರಾಂ ಲೋಹ ಸಾಕಾಗುವುದು ಹೀಗೆ.

ಮೂಲೆಗಳ ಮಾತನ್ನೂ ಮರೆಯಬಾರದು. ಗ್ಯಾಬರ್ ಸೊಮೊರ್ಜಾಯ್ ಎಂಬ ವಿಜ್ಞಾನಿ 1970ರ ದಶಕದಲ್ಲಿ, ಸಪಾಟಾದ ಪ್ಲಾಟಿನಂಗಿಂತ ಮೆಟ್ಟಿಲುಮೆಟ್ಟಿಲಾದ ಪ್ಲಾಟಿನಂ ಹೈಡ್ರೋಕಾರ್ಬನ್‌ಗಳನ್ನು ಹೆಚ್ಚು ಸುಲಭವಾಗಿ ಮುರಿಯುತ್ತದೆ ಎಂದು ತೋರಿಸಿದರು. ಮೆಟ್ಟಿಲಿನ ಅಂಚಿನಲ್ಲಿರುವ ಪರಮಾಣುವಿಗೆ ನೆರೆಯವರು ಇನ್ನೂ ಕಡಿಮೆ. ಮೆಟ್ಟಿಲಿನ ಮೂಲೆಯಲ್ಲಿರುವುದಕ್ಕೆ ಮತ್ತೂ ಕಡಿಮೆ. ಹಿಡಿತ ಅಲ್ಲಿ ಬಲವಾಗಿರುತ್ತದೆ. ಶಿಲ್ಪಿಗೆ ಮೂಲೆ ಸೌಂದರ್ಯದ ಜಾಗ, ಅಣುವಿಗೆ ಅದು ಮುರಿಯುವ ಜಾಗ.

ನಾವು ಕೊಳ್ಳುವ ಪೆಟ್ರೋಲಿನ ಅಣುಗಳು ಲೋಹದ ಮೈಯನ್ನು ಎರಡು ಬಾರಿ ಕಾಣುತ್ತವೆ. ಮೊದಲ ಬಾರಿ ಕಾಣುವುದು ಸಂಸ್ಕರಣಾಗಾರದಲ್ಲಿ. ಮಂಗಳೂರಿನ ಸಂಸ್ಕರಣಾಗಾರದಲ್ಲಿ ಇರುವಂಥ ಘಟಕಗಳಲ್ಲಿ, ಕಡಿಮೆ ದರ್ಜೆಯ ನಾಫ್ತಾವನ್ನು ಬಿಸಿ ಪ್ಲಾಟಿನಂ ವೇಗವರ್ಧಕದ ಮೇಲೆ ಹಾಯಿಸಿ, ಜಲಜನಕವನ್ನು ಕಳಚಿ, ಅಣುವನ್ನು ಉಂಗುರದ ಆಕಾರಕ್ಕೆ ತಿರುಗಿಸಿ, ಎಂಜಿನ್ ಬಡಿದುಕೊಳ್ಳದಂತೆ ಉರಿಯುವ ಪೆಟ್ರೋಲನ್ನಾಗಿ ಮಾಡುತ್ತಾರೆ. ಆ ಇಂಧನ ಮಂಗಳೂರು–ಹಾಸನ–ಬೆಂಗಳೂರು ಕೊಳವೆಮಾರ್ಗದಲ್ಲಿ ಘಟ್ಟ ಹತ್ತಿ ನಮ್ಮ ಜಿಲ್ಲೆಗೆ ಬರುತ್ತದೆ. ಎರಡನೆಯ ಬಾರಿ, ಎಂಜಿನಿನಲ್ಲಿ ಉರಿಯದೆ ಉಳಿದ ಅಣುಗಳು ನಮ್ಮ ವಾಹನದ ಪರಿವರ್ತಕದಲ್ಲಿ ಲೋಹವನ್ನು ಮುಟ್ಟುತ್ತವೆ. ಮೊದಲನೆಯದನ್ನು ನೂರಾರು ಎಂಜಿನಿಯರುಗಳು ಕಾಯುತ್ತಾರೆ. ಎರಡನೆಯದನ್ನು ಕಾಯಬೇಕಾದವರು ನಾವು.

ಕಾಯುವುದು ಎಂದರೆ ಏನು? ಇದನ್ನು ಅರಿಯಲು ಒಂದು ಬಸ್ಸನ್ನು ಕಲ್ಪಿಸಿಕೊಳ್ಳಿ. ಬೇಲೂರಿನ ತೇರಿನ ದಿನ ಹಾಸನಕ್ಕೆ ಹೊರಟ ಬಸ್ಸು. ಸೀಟುಗಳೆಲ್ಲ ತುಂಬಿವೆ. ಇಳಿಯುವವರಿಲ್ಲ, ಆದ್ದರಿಂದ ಹತ್ತುವವರೂ ಇಲ್ಲ. ತಣ್ಣಗಿರುವ ಪರಿವರ್ತಕದ ಸ್ಥಿತಿ ಇದೇ. ಇಂಗಾಲದ ಮೊನಾಕ್ಸೈಡ್ ಲೋಹದ ಮೇಲೆ ಬಿಗಿಯಾಗಿ ಕೂತುಬಿಡುತ್ತದೆ. ಅದನ್ನು ಸುಡಬೇಕಾದ ಆಮ್ಲಜನಕಕ್ಕೆ ಜಾಗವಿಲ್ಲ. ಆಮ್ಲಜನಕ ಎರಡಾಗಿ ಒಡೆಯುವುದರಿಂದ ಅದಕ್ಕೆ ಅಕ್ಕಪಕ್ಕದ ಎರಡು ಸೀಟುಗಳೇ ಬೇಕು. ಹೊಗೆಯ ಬಿಸಿಗೆ ಪರಿವರ್ತಕ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಮೊನಾಕ್ಸೈಡ್ ಅಣುಗಳು ಏಳತೊಡಗುತ್ತವೆ, ಸೀಟುಗಳು ತೆರವಾಗುತ್ತವೆ, ಆಮ್ಲಜನಕ ಒಳನುಗ್ಗುತ್ತದೆ. ಅಲ್ಲಿಂದ ಮುಂದೆ ಕ್ರಿಯೆಯ ಬಿಸಿಯೇ ಕ್ರಿಯೆಯನ್ನು ನಡೆಸುತ್ತದೆ. ಸುಸ್ಥಿತಿಯ ಪರಿವರ್ತಕ ಆಗ ಶೇಕಡ 90ಕ್ಕೂ ಹೆಚ್ಚಿನ ಮಲಿನಾಂಶವನ್ನು ಕಳೆಯಬಲ್ಲದು. ಎಂಜಿನ್ ಚಾಲೂ ಮಾಡಿದ ಮೊದಲ ಒಂದೆರಡು ನಿಮಿಷಗಳಲ್ಲೇ ಹೆಚ್ಚು ಹೈಡ್ರೋಕಾರ್ಬನ್ ಹೊರಬೀಳುವುದು ಈ ಕಾರಣಕ್ಕಾಗಿ. ಅಂಗಡಿಗೆ ಹೋಗಲು ಅರ್ಧ ಕಿಲೋಮೀಟರ್ ವಾಹನ ಹತ್ತುವವರು ಇದನ್ನು ನೆನಪಿಡಬೇಕು. ಅಷ್ಟು ದೂರದಲ್ಲಿ ಪರಿವರ್ತಕ ಎಚ್ಚರಗೊಂಡಿರುವುದೇ ಇಲ್ಲ.

ಕೆಲವು ಪ್ರಯಾಣಿಕರು ಬಿಸಿಗೂ ಏಳುವುದಿಲ್ಲ. ಇವರನ್ನು ವಿಜ್ಞಾನಿಗಳು ವೇಗವರ್ಧಕದ ವಿಷಗಳೆಂದು ಕರೆಯುತ್ತಾರೆ. ಸೀಸ ಅವುಗಳಲ್ಲಿ ಮೊದಲನೆಯದು. ಯೂಜೀನ್ ಹೂಡ್ರಿ ಎಂಬ ಎಂಜಿನಿಯರ್ 1950ರ ದಶಕದಲ್ಲೇ ಅಮೆರಿಕದಲ್ಲಿ ಇಂಥ ಪರಿವರ್ತಕವನ್ನು ರೂಪಿಸಿದರೂ, ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸ ಅದನ್ನು ಬೇಗ ಕೊಲ್ಲುತ್ತಿತ್ತು. ನಮ್ಮ ದೇಶದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಪರಿವರ್ತಕ ಕಡ್ಡಾಯವಾದಾಗ ಸೀಸರಹಿತ ಪೆಟ್ರೋಲೂ ಜೊತೆಯಲ್ಲೇ ಬರಬೇಕಾಯಿತು. 2000ದ ಫೆಬ್ರುವರಿಯಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಲೋಹವನ್ನು ಉಳಿಸಲು ಸೀಸವನ್ನು ಬಿಟ್ಟೆವು, ಅದರಿಂದ ನಮ್ಮ ಮಕ್ಕಳ ಮಿದುಳೂ ಉಳಿಯಿತು.

ಎರಡನೆಯ ವಿಷ ಗಂಧಕ. 2020ರ ಏಪ್ರಿಲ್ 1ರಿಂದ ಜಾರಿಯಾದ ಭಾರತ್ ಸ್ಟೇಜ್ 6 ನಿಯಮದಂತೆ ಇಂಧನದ ಹತ್ತು ಲಕ್ಷ ಭಾಗದಲ್ಲಿ ಗಂಧಕ 10 ಭಾಗವನ್ನು ಮೀರುವಂತಿಲ್ಲ. ಅದಕ್ಕೂ ಮೊದಲಿನ ನಿಯಮದಲ್ಲಿ ಇದು 50 ಇತ್ತು. ಆದರೆ ಒಳ್ಳೆಯ ಇಂಧನಕ್ಕೆ ಸೀಮೆಎಣ್ಣೆ ಬೆರೆಸಿದರೆ ಈ ಶ್ರಮವೆಲ್ಲ ವ್ಯರ್ಥ. ಮೂರನೆಯದು ಎಂಜಿನ್ ಆಯಿಲ್‌ನಲ್ಲಿರುವ ರಂಜಕ. ಸವೆದ ಎಂಜಿನ್ ಆಯಿಲ್ ಕುಡಿಯುತ್ತಿದ್ದರೆ ಆ ರಂಜಕ ಲೋಹದ ಮೇಲೆ ಪದರವಾಗಿ ಕೂರುತ್ತದೆ.

ಇಲ್ಲಿ ರೈತರಿಗೆ ಒಂದು ವಿಶೇಷ ಸೂಚನೆ. ಹೊಸ ಡೀಸೆಲ್ ಲಾರಿ, ಬಸ್ಸು, ಕೆಲವು ಜೀಪುಗಳಲ್ಲಿ ಸಾರಜನಕದ ಆಕ್ಸೈಡ್‌ಗಳನ್ನು ಕಳೆಯಲು ಯೂರಿಯಾ ದ್ರಾವಣ ಹಾಕುವ ಬೇರೊಂದು ಟ್ಯಾಂಕು ಇದೆ. ಅದರಲ್ಲಿ ಶೇಕಡ 32.5ರಷ್ಟು ಅತಿ ಶುದ್ಧ ಯೂರಿಯಾ ಇರುತ್ತದೆ. ಗೊಬ್ಬರದ ಚೀಲದ ಯೂರಿಯಾವನ್ನು ಕಲಸಿ ಅದಕ್ಕೆ ಸುರಿಯುವ ಆಸೆ ಯಾರಿಗೂ ಬೇಡ. ಹೊಲದ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪವಿದೆ, ಬೇರೆ ಕಲ್ಮಶಗಳೂ ಇವೆ. ಹೊಲಕ್ಕೆ ಅದು ಒಳ್ಳೆಯದೇ, ವೇಗವರ್ಧಕಕ್ಕೆ ವಿಷ.

ಈಗ ನನ್ನ ಕಾರಿಗೆ ಮರಳುತ್ತೇನೆ. ಬೇರೊಬ್ಬ ಹಿರಿಯ ಮೆಕ್ಯಾನಿಕ್ ಪರೀಕ್ಷಿಸಿದಾಗ ತಿಳಿದದ್ದು ಇಷ್ಟು: ಒಂದು ಸ್ಪಾರ್ಕ್ ಪ್ಲಗ್ ಸರಿಯಾಗಿ ಕಿಡಿ ಕೊಡುತ್ತಿರಲಿಲ್ಲ. ಆ ಸಿಲಿಂಡರಿನ ಪೆಟ್ರೋಲ್ ಉರಿಯದೆ ನೇರವಾಗಿ ಪರಿವರ್ತಕಕ್ಕೆ ಹೋಗಿ, ಲೋಹದ ಮೇಲೆ ಉರಿಯುತ್ತಿತ್ತು. ಅಂಥ ಸ್ಥಿತಿಯಲ್ಲಿ ಒಳಗಿನ ಉಷ್ಣತೆ 1000 ಡಿಗ್ರಿಯನ್ನೂ ದಾಟಬಹುದು. ಆಗ ಬಿಡಿಬಿಡಿಯಾಗಿದ್ದ ಲೋಹದ ಕಣಗಳು ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ, ಮೇಲ್ಮೈ ಕುಗ್ಗುತ್ತದೆ, ಜೇನುಗೂಡೇ ಕರಗಿ ದಾರಿ ಕಟ್ಟಿಕೊಳ್ಳುತ್ತದೆ. ಮೊದಲ ಮೆಕ್ಯಾನಿಕ್ ಕಂಡದ್ದು ಸುಳ್ಳಾಗಿರಲಿಲ್ಲ. ಗೂಡು ಒಂದು ಪಕ್ಕದಲ್ಲಿ ಕಟ್ಟಿಕೊಂಡಿತ್ತು. ಆದರೆ ರೋಗ ಪ್ಲಗ್ಗಿನಲ್ಲಿತ್ತು. ಗಾಡಿ ಸ್ವಲ್ಪ ಕುಲುಕುತ್ತಿದೆ, ಆಗಲಿ ಎಂದು ತಿಂಗಳುಗಟ್ಟಲೆ ಓಡಿಸಿದವನು ನಾನು. ಒಂದು ಪ್ಲಗ್ಗಿನ ದುಡ್ಡು ಉಳಿಸಲು ಹೋಗಿ ಒಂದು ಪರಿವರ್ತಕವನ್ನು ಸುಟ್ಟುಕೊಂಡೆ. ಹೊಸದನ್ನು ಹಾಕಿಸಿದೆ, ಬೆಲೆ ನೋವು ಕೊಟ್ಟಿತು. ಡಬ್ಬಿ ಒಡೆಸಿದ್ದರೆ ಆ ನೋವು ನನಗೆ ಆಗುತ್ತಿರಲಿಲ್ಲ. ರಸ್ತೆಬದಿಯ ಶಾಲೆಯ ಮಕ್ಕಳ ಶ್ವಾಸಕೋಶಕ್ಕೆ ಆಗುತ್ತಿತ್ತು.

ಪರಿವರ್ತಕವನ್ನು ಒಡೆದು ಖಾಲಿ ಮಾಡುವುದು ಕಾನೂನಿಗೂ ವಿರುದ್ಧ. ತಯಾರಕರು ಕೊಟ್ಟ ರಚನೆಯನ್ನು ಮನಬಂದಂತೆ ಬದಲಿಸುವುದನ್ನು ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಂ ನಿಷೇಧಿಸುತ್ತದೆ. ಕಾನೂನಿನ ಭಯಕ್ಕಿಂತ ತಿಳಿವಳಿಕೆಯಿಂದ ಇದು ನಿಲ್ಲಲಿ ಎಂಬುದು ನನ್ನ ಆಸೆ. ಹೊಸ ಬೈಕುಗಳಲ್ಲೂ ಇಂಥ ಡಬ್ಬಿ ಇದೆ ಎಂಬುದು ಇಲ್ಲಿ ಕುಳಿತ ಕಾಲೇಜು ಹುಡುಗರಿಗೆ ಗೊತ್ತಿರಲಿ. ಸದ್ದಿಗಾಗಿ ಸೈಲೆನ್ಸರ್ ಬದಲಿಸುವಾಗ ಎಷ್ಟೋ ಬಾರಿ ಕಳೆದುಹೋಗುವುದು ಅದೇ.

ಇಷ್ಟನ್ನು ಹೇಳಿದ ಮೇಲೆ, ಈ ಡಬ್ಬಿ ಏನನ್ನು ಮಾಡಲಾರದು ಎಂಬುದನ್ನೂ ಹೇಳಬೇಕು. ಅದು ಇಂಗಾಲವನ್ನು ಮಾಯ ಮಾಡುವುದಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಡೈಆಕ್ಸೈಡ್ ಗಾಳಿಗೆ ಸೇರಿಯೇ ಸೇರುತ್ತದೆ. ಪರಿವರ್ತಕ ವಿಷದ ಹೊಗೆಯನ್ನು ತಡೆಯುತ್ತದೆ, ಭೂಮಿಯ ಬಿಸಿಯನ್ನು ತಡೆಯುವುದಿಲ್ಲ. ಅದಿದೆ ಎಂದು ಹೆಚ್ಚು ಓಡಾಡಲು ಅಪ್ಪಣೆ ಸಿಕ್ಕಂತಾಗಲಿಲ್ಲ.

ಇನ್ನೊಂದು ವಿಷಯ ನಮ್ಮಂಥ ಗುಡ್ಡಗಾಡಿನವರಿಗೆ ಇನ್ನೂ ಹತ್ತಿರದ್ದು. ಈ ಲೋಹಗಳು ಎಲ್ಲಿಂದ ಬರುತ್ತವೆ? ಬಹುಪಾಲು ದಕ್ಷಿಣ ಆಫ್ರಿಕ ಮತ್ತು ರಷ್ಯದ ಗಣಿಗಳಿಂದ. ಅಲ್ಲಿ ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ. ಒಂದು ಕಾರಿನ ಪರಿವರ್ತಕಕ್ಕಾಗಿ ಎಲ್ಲೋ ಒಂದು ಟನ್‌ಗಟ್ಟಲೆ ಬೆಟ್ಟ ಪುಡಿಯಾಗಿದೆ. ನಮ್ಮ ನಾಡೂ ಈ ನಕ್ಷೆಯ ಹೊರಗಿಲ್ಲ. ಚನ್ನಗಿರಿ ತಾಲ್ಲೂಕಿನ ಹನುಮಲಾಪುರದ ಶಿಲೆಗಳಲ್ಲಿ ಪ್ಲಾಟಿನಂ ವರ್ಗದ ಲೋಹಗಳಿರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ನಮ್ಮ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯಲ್ಲಿ ಬೈರಾಪುರದ ಕ್ರೋಮೈಟ್ ಗಣಿ ಇದೆ. ದಕ್ಷಿಣ ಆಫ್ರಿಕದಲ್ಲಿ ಪ್ಲಾಟಿನಂ ಸಿಗುವ ಪದರಗಳಲ್ಲೊಂದು ಕ್ರೋಮೈಟ್ ಪದರವೇ. ಗಣಿ ಎಂದರೆ ಏನೆಂದು ಮಲೆನಾಡಿಗೆ ಗೊತ್ತು. ಕುದುರೆಮುಖದ ಗಣಿ 2005ರ ಕೊನೆಗೆ ನಿಲ್ಲುವ ಮೊದಲು ಭದ್ರೆಯ ನೀರು ಹೇಗಿತ್ತು ಎಂಬುದನ್ನು ನೋಡಿದವರು ಈ ಸಭೆಯಲ್ಲೂ ಇರಬಹುದು.

ಆದ್ದರಿಂದ ಲೋಹವನ್ನು ಕಡಿಮೆ ಬಳಸುವ ವಿಜ್ಞಾನವೂ ಪರಿಸರದ ಕೆಲಸವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಸಿ. ಪಾಟೀಲರು ಒಂದು ಸರಳ ವಿಧಾನವನ್ನು ಬೆಳೆಸಿದರು. ಲೋಹಗಳ ನೈಟ್ರೇಟ್ ಲವಣಗಳನ್ನು ಯೂರಿಯಾದಂಥ ಇಂಧನದೊಂದಿಗೆ ನೀರಿನಲ್ಲಿ ಕರಗಿಸಿ ಕಾಯಿಸಿದರೆ, ದ್ರಾವಣ ತಾನೇ ಹೊತ್ತಿ ಉರಿದು ನವುರಾದ ಆಕ್ಸೈಡ್ ಪುಡಿಯಾಗುತ್ತದೆ. ಇದೇ ವಿಧಾನದಿಂದ ಎಂ.ಎಸ್. ಹೆಗಡೆ, ಗಿರಿಧರ್ ಮದ್ರಾಸ್ ಮತ್ತು ಅವರ ವಿದ್ಯಾರ್ಥಿಗಳು ಪಲ್ಲೇಡಿಯಂ, ಪ್ಲಾಟಿನಂಗಳನ್ನು ಕಣಗಳಾಗಿ ಕೂಡಿಸದೆ, ಸೀರಿಯಂ ಆಕ್ಸೈಡಿನೊಳಗೆ ಒಂದೊಂದು ಅಯಾನಾಗಿ ಹರಡಿದರು. ಕಣದ ಒಡಲಿನಲ್ಲಿ ಹೂತು ನಿರುಪಯೋಗಿಯಾಗುವ ಲೋಹ ಆಗ ಉಳಿಯುವುದಿಲ್ಲ. ಬಹುಮಟ್ಟಿಗೆ ಪ್ರತಿಯೊಂದು ಪರಮಾಣುವೂ ದುಡಿಯುತ್ತದೆ. ರಸಾಯನಶಾಸ್ತ್ರ ಓದುವ ನಮ್ಮ ಹಳ್ಳಿಯ ಮಕ್ಕಳಿಗೆ ಈ ದಾರಿ ತೆರೆದಿದೆ ಎಂಬುದನ್ನು ಒತ್ತಿ ಹೇಳಬಯಸುತ್ತೇನೆ.

ನಾವು ಮನೆಯಲ್ಲೇ ಮಾಡಬಹುದಾದ ಕೆಲಸಗಳನ್ನು ಹೇಳಿ ಮುಗಿಸುತ್ತೇನೆ. ಪರಿವರ್ತಕವನ್ನು ಒಡೆಯಬೇಡಿ, ಒಡೆಯಲು ಬಿಡಬೇಡಿ. ಎಂಜಿನ್ ಕುಲುಕಿದರೆ, ಆಯಿಲ್ ಕುಡಿದರೆ ಅಂದೇ ತೋರಿಸಿ. ಹೊಗೆ ತಪಾಸಣೆಯ ಚೀಟಿಯನ್ನು ಪೊಲೀಸರಿಗಾಗಿ ಅಲ್ಲದೆ ನಿಮಗಾಗಿ ಮಾಡಿಸಿ. ಹೈಡ್ರೋಕಾರ್ಬನ್ ಅಂಕಿ ಹಿಂದಿನ ಸಲಕ್ಕಿಂತ ಏರಿದ್ದರೆ ಕಾರಣ ಕೇಳಿ. ವಾಹನಕ್ಕೆ ಆಯುಸ್ಸು ಮುಗಿದಾಗ ಅದನ್ನು ಬಿಡಿಬಿಡಿಯಾಗಿ ಗುಜರಿಗೆ ಹಾಕದೆ, 2021ರ ನಿಯಮಗಳಡಿ ನೋಂದಾಯಿತವಾದ ಕೇಂದ್ರಕ್ಕೆ ಕೊಡಿ. ಹಳೆಯ ಪರಿವರ್ತಕದಿಂದ ಲೋಹದ ಬಹುಪಾಲನ್ನು ಮರಳಿ ಪಡೆಯಬಹುದು. ಹಾಗೆ ಮರಳಿದ ಪ್ರತಿ ಗ್ರಾಮಿನಷ್ಟು ಬೆಟ್ಟ ಎಲ್ಲೋ ಉಳಿಯುತ್ತದೆ.

ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ವಾಹನ ನಿಲ್ದಾಣದಲ್ಲಿ ತಂಪು ಯಂತ್ರಕ್ಕಾಗಿ ಎಂಜಿನ್ ಓಡಿಸುತ್ತ ಕಾಯುವ ಗಾಡಿಗಳನ್ನು ಕಂಡರೆ, ವಿದ್ಯಾರ್ಥಿಗಳೇ, ವಿನಯದಿಂದ ಆರಿಸಲು ಹೇಳಿ. ಜಗಳ ಬೇಡ. ಆ ಡಬ್ಬಿಯ ಕಥೆಯನ್ನು ಹೇಳಿ. ನಾನು ಎರಡು ಮಾತು ಕೇಳಿ ಒಡೆಸಲು ಹೊರಟಿದ್ದವನು, ನಾಲ್ಕು ಪುಟ ಓದಿ ಉಳಿಸಿಕೊಳ್ಳಲು ಕಲಿತೆ.

ಒಂದು ಲೋಹದ ಮೈ ಕೆಲಸ ಮಾಡಬೇಕಾದರೆ ಅದರ ಮೇಲೆ ಖಾಲಿ ಜಾಗ ಉಳಿದಿರಬೇಕು. ಅದನ್ನು ಉಳಿಸಿಕೊಡುವುದು ಲೋಹದ ಕೈಯಲ್ಲಿಲ್ಲ, ನಮ್ಮ ಕೈಯಲ್ಲಿದೆ.